ಬೇಟೆಯ ಚೀಟಿಯಲ್ಲಿ ಕಿರಿಯರ ಪಾಲು

ಪದಾರ್ಥವು ಸ್ವಲ್ಪವಾಗಿ, ಬೇಡುವ ಕೈಗಳು ಬಹಳವಾದಾಗ, ಹಂಚುವವನಿಗೆ ಧರ್ಮಸಂಕಟವು ತಪ್ಪಿದ್ದಲ್ಲ. ಊರ ಕೆರೆಯ ನೀರಿನಿಂದ ಮೊದಲ್ಗೊಂಡು ಕಾಲೇಜಿನ ಸ್ಥಾನಗಳವರೆಗೆ ಈ ಸಂಕಟವು ನಾನಾ ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ ಅದು ತೊಟ್ಟಿರುವ ವೇಷವು ವಿಚಿತ್ರವಾದುದು. ಅಲ್ಲಿ ಹಂಚಬೇಕಾದ ವಸ್ತುವು ಕಾಡುಮೃಗವೊಂದನ್ನು ಕೊಲ್ಲುವ ಅನುಮತಿ. ಹಂಚುವ ಸಾಧನವು ಲಾಟರಿ. ಆ ಲಾಟರಿಯಲ್ಲಿ 18 ವರ್ಷ ತುಂಬದ ಹುಡುಗ ಹುಡುಗಿಯರಿಗೆ ಹಿರಿಯರಿಗಿಲ್ಲದ ಒಂದು ಪಾಲನ್ನು ಮೊದಲೇ ಎತ್ತಿಡುವ ವಾಡಿಕೆಯು ಹಲವು ಸಂಸ್ಥಾನಗಳಲ್ಲಿ ಉಂಟು. ಇದು ನ್ಯಾಯವೇ ಎಂದು ಅಲ್ಲಿಯ ಬೇಟೆಗಾರರು ತಮ್ಮತಮ್ಮಲ್ಲಿಯೇ ವಾದಿಸುತ್ತಾರೆ.

ಭಾರತೀಯ ವಾಚಕನಿಗೆ ಮೊದಲು ಆಶ್ಚರ್ಯವನ್ನುಂಟುಮಾಡುವುದು ಲಾಟರಿಯೇ. ಇಲ್ಲಿ ದೊಡ್ಡ ಬೇಟೆಯೆಂದರೆ ಅರಸರ ವಿನೋದವೆಂಬ ಭಾವನೆಯು ಬೆಳೆದುಬಂದಿದೆ. ಬಂಡೀಪುರದ ಅರಣ್ಯವು ಮೈಸೂರು ಮಹಾರಾಜರ ಬೇಟೆಯ ಕಾಡಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಅಂತಹ ಬೇಟೆಯೇ ನಿಂತುಹೋಯಿತು. ಒಬ್ಬನೇ ಒಡೆಯನಿದ್ದಾಗ ಹಂಚುವ ಪ್ರಶ್ನೆಯಿಲ್ಲ. ಯಾರಿಗೂ ಕೂಡದೆಂದಾಗಲೂ ಇಲ್ಲ. ಇಂಗ್ಲೆಂಡಿನಲ್ಲಿ ಜಿಂಕೆಯು ದೊರೆಯದೂ ಜಮೀನ್ದಾರರದೂ ಆಗಿದ್ದುದನ್ನು ಕಂಡು ಬೇಸತ್ತವರ ಸಂತತಿಯಾದರೋ ಅಮೆರಿಕೆಯಲ್ಲಿ ಬೇರೊಂದು ತತ್ತ್ವವನ್ನು ಹಿಡಿಯಿತು. ಕಾಡುಮೃಗವು ನೆಲದ ಒಡೆಯನದಲ್ಲ, ಸಮಸ್ತ ಪ್ರಜೆಗಳದು. ಸರ್ಕಾರವು ಅವರ ಪರವಾಗಿ ಅದನ್ನು ಕಾಯುವ ಧರ್ಮದರ್ಶಿಯು ಮಾತ್ರ, ಎಂಬುದೇ ಆ ತತ್ತ್ವ. 1896ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ಗೀರ್ ಎಂಬವನ ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿಯಿತು. 1979ರಲ್ಲಿ ಅದೇ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತಾದರೂ, ಮೃಗಗಳು ಪ್ರಜೆಗಳ ನ್ಯಾಸವೆಂಬ ಭಾವನೆಯು ಸಂಸ್ಥಾನಗಳ ಶಾಸನಗಳಲ್ಲಿ ಉಳಿದುಕೊಂಡಿದೆ.

ಎಲ್ಲರದೂ ಆದ ವಸ್ತುವು ಬೇಗನೆ ಬರಿದಾಗುವುದು ಲೋಕದ ಅನುಭವ. ಕಡವೆಯ ಬಳಗಕ್ಕೆ ಸೇರಿದ ಎಲ್ಕ್ ಎಂಬ ಮಹಾಮೃಗವು 1900ರ ಸುಮಾರಿಗೆ ಒಂದು ಲಕ್ಷಕ್ಕೂ ಕಡಿಮೆಯಾಗಿ ಉಳಿದಿತ್ತು. ಕಟ್ಟುನಿಟ್ಟಿನ ಮಿತಿಗಳ ದೆಸೆಯಿಂದ ಈಗ ಸುಮಾರು ಹತ್ತು ಲಕ್ಷವಾಗಿದೆ. ಆ ಮಿತಿಯ ಗುರುತೇ ಟ್ಯಾಗು, ಎಂದರೆ ಕೊಂದ ಮೃಗದ ದೇಹಕ್ಕೆ ಕಟ್ಟಲೇಬೇಕಾದ ಚೀಟಿ. ಒಂದು ಚೀಟಿಗೆ ಒಂದೇ ಮೃಗ. ಕೊಲೆಯೇ ಪಾಪವಾಗಿರಲು ಅದರ ಹಂಚಿಕೆಯಲ್ಲಿ ನ್ಯಾಯವನ್ನು ಹುಡುಕುವುದೇಕೆಂದು ಕೇಳುವ ವಾಚಕರೂ ಇರಬಹುದು. ಅವರ ಪ್ರಶ್ನೆಯು ಇದಕ್ಕಿಂತ ದೊಡ್ಡದು. ಆದರೆ ದೊಡ್ಡ ಪ್ರಶ್ನೆಯು ಇತ್ಯರ್ಥವಾಗುವವರೆಗೆ ಸಣ್ಣ ಪ್ರಶ್ನೆಯು ಕಾದುಕೊಂಡಿರುವುದಿಲ್ಲ. ಪ್ರತಿ ವರ್ಷವೂ ಚೀಟಿಗಳು ಎತ್ತಲ್ಪಡುತ್ತಲೇ ಇವೆ.

ಹಣಕ್ಕೆ ಮಾರಿದ್ದರೆ ತಕರಾರೇ ಇರುತ್ತಿರಲಿಲ್ಲವಲ್ಲ ಎನ್ನಬಹುದು. ಹಾಗೆ ಮಾರುವುದೂ ಉಂಟು: 2013ರಲ್ಲಿ ಮೊಂಟಾನ ಸಂಸ್ಥಾನವು ದೊಡ್ಡ ಕೊಂಬಿನ ಕಾಡುಕುರಿಯೊಂದರ ಚೀಟಿಯನ್ನು ಹರಾಜಿಗಿಟ್ಟಾಗ ಅದು 4,80,000 ಡಾಲರುಗಳಿಗೆ ಹೋಯಿತು. ಎಲ್ಲ ಚೀಟಿಗಳೂ ಹೀಗೆ ಹೋದರೆ ಹಳೆಯ ದೊರೆಯ ಜಾಗದಲ್ಲಿ ಹೊಸ ಧನಿಕನು ಕುಳಿತಂತಾಗುವುದೆಂದೇ ಲಾಟರಿಯ ಆಶ್ರಯವು. ಲಾಟರಿಗೆ ಮುಖದಾಕ್ಷಿಣ್ಯವಿಲ್ಲ. ಅದರ ದೋಷವೂ ಅದೇ: ಅದಕ್ಕೆ ನೆನಪೂ ಇಲ್ಲ. ಹತ್ತು ವರ್ಷ ಬರಿಗೈಯಲ್ಲಿ ಹಿಂತಿರುಗಿದವನನ್ನೂ ನಿನ್ನೆ ಬಂದವನನ್ನೂ ಅದು ಒಂದೇ ಸಮನಾಗಿ ಕಾಣುತ್ತದೆ. ಐಡಹೊ, ನ್ಯೂ ಮೆಕ್ಸಿಕೊ ಸಂಸ್ಥಾನಗಳು ಈ ಮರೆವನ್ನೇ ನ್ಯಾಯವೆಂದು ಒಪ್ಪಿಕೊಂಡಿವೆ. ಉಳಿದ ಹಲವು ಸಂಸ್ಥಾನಗಳು ಸೋತವನಿಗೆ ವರ್ಷಕ್ಕೊಂದು ಅಂಕವನ್ನು ಕೊಟ್ಟು ಲಾಟರಿಗೆ ನೆನಪನ್ನು ಕಲಿಸಿವೆ. ಕೊಲೊರಾಡೊದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಹೆಚ್ಚು ಅಂಕವುಳ್ಳವನಿಗೇ ಮೊದಲು ಚೀಟಿ. ಅಲ್ಲಿಯ ಹೆಸರಾಂತ ಕೆಲವು ಕಾಡುಗಳಲ್ಲಿ ಗಂಡು ಎಲ್ಕಿನ ಚೀಟಿಗೆ 20 ವರ್ಷಗಳಿಗೂ ಮಿಕ್ಕ ಅಂಕಗಳು ಬೇಕಾಗಿವೆ. ನೆವಾಡದಲ್ಲಿ ಅಂಕಗಳನ್ನು ವರ್ಗಮಾಡಿ ಒಂದನ್ನು ಕೂಡಿಸುತ್ತಾರೆ: 10 ಅಂಕವುಳ್ಳವನಿಗೆ 101 ಅವಕಾಶಗಳು, ಹೊಸಬನಿಗೆ ಒಂದೇ ಒಂದು.

ಇಂತಹ ಸಾಲಿನೊಳಗೆ ಕಿರಿಯರ ಮೀಸಲು ಬಂದು ಸೇರಿದೆ. ಕೊಲೊರಾಡೊದಲ್ಲಿ 12ರಿಂದ 17 ವರ್ಷದೊಳಗಿನವರಿಗೆ ಕೆಲವು ಬಗೆಯ ಚೀಟಿಗಳಲ್ಲಿ, ಹೆಚ್ಚಾಗಿ ಹೆಣ್ಣು ಮೃಗಗಳ ಚೀಟಿಗಳಲ್ಲಿ, ಶೇಕಡ 15ರವರೆಗೆ ತೆಗೆದಿಡುತ್ತಾರೆ. ಐಡಹೊ, ನ್ಯೂ ಮೆಕ್ಸಿಕೊಗಳಲ್ಲಿ ಕಿರಿಯರಿಗೆಂದೇ ಪ್ರತ್ಯೇಕವಾದ ಬೇಟೆಗಳುಂಟು.

ಇದನ್ನು ಸಮರ್ಥಿಸುವವರು ಮೊದಲು ಹೇಳುವ ಮಾತು ಯುಕ್ತವಾದುದೇ ಆಗಿದೆ. ಮೈಬಣ್ಣವನ್ನೋ ಕುಲವನ್ನೋ ನೋಡಿ ಕೊಟ್ಟ ಮೀಸಲು ಕೆಲವರಿಗೆ ಎಂದೆಂದಿಗೂ ದಕ್ಕಿ ಕೆಲವರಿಗೆ ಎಂದೆಂದಿಗೂ ದಕ್ಕದು, ವಯಸ್ಸು ಹಾಗಲ್ಲ. ಪ್ರತಿಯೊಬ್ಬನೂ ಬಾಲ್ಯವನ್ನು ಹಾದೇ ಬರುತ್ತಾನೆ. ಇಂದು ಬಿಟ್ಟುಕೊಡುವವನು ಅಂದು ಪಡೆದವನೇ ಆಗಿರುವುದರಿಂದ ಇಡೀ ಆಯುಸ್ಸಿನ ಲೆಕ್ಕದಲ್ಲಿ ಎಲ್ಲರ ಜಮೆ ಖರ್ಚುಗಳೂ ಸರಿಯಾಗುತ್ತವೆ. ಮಾತು ಸೊಗಸಾಗಿದೆ, ಆದರೆ ಅದು ನಿಜವಾಗುವುದು ಈ ನಿಯಮವು ಹುಟ್ಟಿದ ಮೇಲೆ ಅದೇ ನಾಡಿನ ಬೇಟೆಗಾರನ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ. ನಿಯಮಕ್ಕಿಂತ ಮೊದಲೇ ಹದಿನೆಂಟನ್ನು ದಾಟಿದವನು ಪಡೆಯದೆಯೇ ತೆತ್ತವನು. 40ನೆಯ ವಯಸ್ಸಿನಲ್ಲಿ ಬಂದೂಕನ್ನು ಮೊದಲು ಹಿಡಿದ ಪಟ್ಟಣದ ಹೆಂಗಸೂ, ಬೇರೊಂದು ದೇಶದಿಂದ ಬಂದು ನೆಲೆಸಿದ ಗೃಹಸ್ಥನೂ ಅಂತಹವರೇ. ಅವರ ಖಾತೆಯಲ್ಲಿ ಖರ್ಚುಂಟು, ಜಮೆಯಿಲ್ಲ.

ಎರಡನೆಯ ಸಮರ್ಥನೆಯು ಬೊಕ್ಕಸದ್ದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯು ಮೃಗಸಂರಕ್ಷಣೆಗಾಗಿ ಸಂಸ್ಥಾನಗಳಿಗೆ ಹಂಚಿಹೋಗುತ್ತದೆ. ಹಂಚಿಕೆಯಲ್ಲಿ ಅರ್ಧವು ಸಂಸ್ಥಾನದ ವಿಸ್ತೀರ್ಣವನ್ನೂ ಅರ್ಧವು ಅಲ್ಲಿಯ ಲೈಸೆನ್ಸುದಾರರ ತಲೆಯೆಣಿಕೆಯನ್ನೂ ಅವಲಂಬಿಸಿದೆ. ತಲೆಗಳಾದರೋ ಕಡಿಮೆಯಾಗುತ್ತಿವೆ: 16 ವರ್ಷ ಮೇಲ್ಪಟ್ಟ ಬೇಟೆಗಾರರು 1991ರ ಗಣನೆಯಲ್ಲಿ ಸುಮಾರು 1 ಕೋಟಿ 41 ಲಕ್ಷವಿದ್ದವರು 2016ರ ಗಣನೆಯಲ್ಲಿ ಸುಮಾರು 1 ಕೋಟಿ 15 ಲಕ್ಷವಾದರು. ಹುಡುಗನಿಗೆ ಈಗ ರುಚಿ ಹತ್ತಿಸದಿದ್ದರೆ ನಾಳೆ ಕಾಡನ್ನು ಕಾಯುವ ಹಣವೆಲ್ಲಿಂದ ಎಂಬುದು ಇಲಾಖೆಯ ಚಿಂತೆ. ಚಿಂತೆಯು ಸಾಧುವಾದುದೇ, ಆದರೆ ಅದು ವಿವೇಕದ ಮಾತೇ ಹೊರತು ನ್ಯಾಯದ ಮಾತಲ್ಲ. ವರ್ತಕನು ಹೊಸ ಗಿರಾಕಿಗೆ ಮೊದಲ ಸರಕನ್ನು ಅಗ್ಗವಾಗಿ ಕೊಡುವುದುಂಟು. ಹಳೆಯ ಗಿರಾಕಿಯು ಅದರಿಂದ ಮುನಿಯಲಾರ, ಏಕೆಂದರೆ ಸರಕು ವರ್ತಕನದು. ಇಲ್ಲಿ ಸರಕು ಗಿರಾಕಿಗಳದೇ ಆಗಿದೆ. ಅದೂ ಅಲ್ಲದೆ ಆ ಬೀಜವು ಹೊಸ ನೆಲದಲ್ಲಿ ಬೀಳುವುದೂ ಕಷ್ಟ. 12 ವರ್ಷದ ಬಾಲಕನು ತಾನಾಗಿ ಅರ್ಜಿ ಬರೆಯುವುದಿಲ್ಲ, ಬಂದೂಕನ್ನು ಕೊಳ್ಳುವುದಿಲ್ಲ, ಒಂಟಿಯಾಗಿ ಬೆಟ್ಟವನ್ನೇರುವುದಿಲ್ಲ. ಕೊಲೊರಾಡೊದ ನಿಯಮದಂತೆ 16 ತುಂಬದವನ ಜೊತೆಗೆ ವಯಸ್ಕನೊಬ್ಬನು ಇರಲೇಬೇಕು. ತಂದೆಯೋ ಮಾವನೋ ಬೇಟೆಗಾರನಾಗಿರುವ ಮನೆಯ ಮಗುವಿಗೇ ಈ ಮೀಸಲು ಸುಲಭವಾಗಿ ದಕ್ಕುವುದು. ವಯಸ್ಸಿಗೆ ಕೊಟ್ಟಂತೆ ಕಂಡದ್ದು ಬಹುಮಟ್ಟಿಗೆ ಮನೆತನಕ್ಕೆ ಸಂದಿರುತ್ತದೆ.

ಹಾಗಾದರೆ ಕಿರಿಯರ ಪಾಲಿಗೆ ಆಧಾರವೇ ಇಲ್ಲವೋ? ಉಂಟು, ಆದರೆ ಅದು ಸಮರ್ಥಕರು ಸಾಮಾನ್ಯವಾಗಿ ತೋರಿಸುವ ಕಡೆ ಇಲ್ಲ. ಕೊಲೊರಾಡೊದ ಅಂಕಗಳ ಸಾಲನ್ನೇ ಮತ್ತೊಮ್ಮೆ ನೋಡಬೇಕು. ಅಲ್ಲಿ ಬೇಡಿಕೆಯು ಹೆಚ್ಚಿದಂತೆಲ್ಲ ಒಳ್ಳೆಯ ಚೀಟಿಯೊಂದಕ್ಕೆ ಬೇಕಾದ ಅಂಕಗಳೂ ಏರುತ್ತಾ ಹೋಗುತ್ತವೆ. ವರ್ಷಕ್ಕೆ ಒಂದರಂತೆ ಸಾಲಿನ ಗುರಿಯು ಮುಂದಕ್ಕೆ ಸರಿದರೆ, ವರ್ಷಕ್ಕೆ ಒಂದೇ ಹೆಜ್ಜೆಯಿಡುವ ಬಾಲಕನು ಎಂದಿಗೂ ಅದನ್ನು ಮುಟ್ಟಲಾರ. ಸಾಲು ಮೊದಲುಗೊಂಡ ಕಾಲದಲ್ಲಿ ಹುಟ್ಟಿದ್ದುದೇ ಹಿರಿಯರ ಪುಣ್ಯ. ಅದಕ್ಕಾಗಿ ಅವರು ಪಟ್ಟ ಶ್ರಮವು ಅರ್ಜಿ ಹಾಕಿ ಕಾದದ್ದಲ್ಲದೆ ಮತ್ತೇನೂ ಇಲ್ಲ. ಎಲ್ಲರದೂ ಆದ ಆಸ್ತಿಯಲ್ಲಿ ಮೊದಲು ಹುಟ್ಟಿದವರು ಬೇಲಿ ಹಾಕಿಕೊಂಡಂತಾಯಿತು.

ಈ ಸ್ಥಳದಲ್ಲಿ ವಿಜ್ಞಾನೇಶ್ವರನ ನೆನಪು ಬಾರದಿರದು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಬರೆದ ಮಿತಾಕ್ಷರೆಯ ಮತದಂತೆ ಪಿತ್ರಾರ್ಜಿತದಲ್ಲಿ ಮಗನ ಹಕ್ಕು ತಂದೆಯ ಮರಣದಿಂದ ಹುಟ್ಟುವುದಿಲ್ಲ. ಮಗನ ಜನನದಿಂದಲೇ ಹುಟ್ಟುತ್ತದೆ. ತೊಟ್ಟಿಲಿನ ಕೂಸೂ ಪಾಲುದಾರನೇ. ಜ್ಯೇಷ್ಠನಿಗೆ ಹೆಚ್ಚಿನ ಭಾಗವನ್ನು ಕೊಡಬೇಕೆಂಬ ಹಳೆಯ ವಚನಗಳನ್ನು ಅವನು ಅಲ್ಲಗಳೆಯಲಿಲ್ಲ. ಅವು ಶಾಸ್ತ್ರದಲ್ಲಿದ್ದರೂ ಲೋಕಕ್ಕೆ ಅಪ್ರಿಯವಾದುದರಿಂದ ಆಚರಿಸತಕ್ಕವಲ್ಲವೆಂದು ಬದಿಗಿರಿಸಿದನು. ಅಮೆರಿಕೆಯ ಪ್ರಜೆಗಳು ಕಾಡುಮೃಗವನ್ನು ತಮ್ಮ ಸಮಷ್ಟಿಯ ಆಸ್ತಿಯೆನ್ನುವುದಾದರೆ ಅಲ್ಲಿಯ ಬಾಲಕನೂ ಇಂದೇ ಪಾಲುದಾರನು; ನಾಳೆಯ ಗಿರಾಕಿಯೆಂಬ ಕಾರಣಕ್ಕಲ್ಲ. ಅಂಕಗಳ ಸಾಲು ಜ್ಯೇಷ್ಠಭಾಗದ ಹೊಸ ಅವತಾರವಾಗಿರುವಲ್ಲಿ ಕಿರಿಯರ ಮೀಸಲು ಅವನ ಮೇಲಿನ ಕೃಪೆಯಲ್ಲ, ಅವನಿಗೆ ಸಲ್ಲಬೇಕಾಗಿದ್ದುದರಲ್ಲಿ ಒಂದಂಶದ ಮರುಪಾವತಿ. ಅದೇ ತರ್ಕದಿಂದ, ಅಂಕಗಳೇ ಇಲ್ಲದ ಐಡಹೊದಲ್ಲಿ ಈ ಆಧಾರವು ಬಿದ್ದುಹೋಗುತ್ತದೆ. ಅಲ್ಲಿ 12 ವರ್ಷದವನಿಗೂ 60 ವರ್ಷದವನಿಗೂ ಚೀಟಿಯ ಪಾತ್ರೆಯಲ್ಲಿ ಸಮಾನವಾದ ಹೆಸರಿರುವಾಗ, ಒಬ್ಬನಿಗಾಗಿ ಮತ್ತೊಂದು ಪಾತ್ರೆಯನ್ನಿಡುವುದು ಮರುಪಾವತಿಯಲ್ಲ, ಕೊಡುಗೆ. ಕೊಡುಗೆಯನ್ನು ಕೊಡಕೂಡದೆಂದಲ್ಲ, ಅದಕ್ಕೆ ನ್ಯಾಯವೆಂಬ ಹೆಸರು ಸಲ್ಲದು.

ಆದರೆ ಸಾಲಿನಲ್ಲಿ ನಿಂತ ಹಿರಿಯನ ಮಾತನ್ನೂ ಕೇಳದೆ ಮುಂದೆ ಹೋಗುವಂತಿಲ್ಲ. 70ನೆಯ ವಯಸ್ಸಿನಲ್ಲಿ 22 ಅಂಕಗಳನ್ನು ಕೂಡಿಟ್ಟುಕೊಂಡಿರುವವನೊಬ್ಬನನ್ನು ಭಾವಿಸಬಹುದು. ಅವನಿಗೆ ಬೇಕಾದ ಚೀಟಿಗೆ ಈ ವರ್ಷ 23 ಬೇಕು. ಹಣವು ಇಟ್ಟಲ್ಲಿ ಬೆಳೆಯುತ್ತದೆ. ಅವನ ಅಂಕಗಳು ಅವನ ಮಂಡಿಗಳೊಡನೆ ಸವೆಯುತ್ತವೆ. ಹತ್ತು ಸಾವಿರ ಅಡಿಗಳೆತ್ತರದ ಬೆಟ್ಟಗಳಲ್ಲಿ ಸುತ್ತಿ, ಬಿದ್ದ ಮೃಗದ ಮಾಂಸವನ್ನು ಹೊರೆಯಾಗಿ ಹೊತ್ತು ಇಳಿಯುವ ಶಕ್ತಿಯು ಇನ್ನೆಷ್ಟು ವರ್ಷವಿದ್ದೀತು? ಬಾಲಕನಿಗೆ ಈ ವರ್ಷವು ತಪ್ಪಿದರೆ ಮುಂದಿನದು ಉಂಟು, ಅದರ ಮುಂದಿನದೂ ಉಂಟು. ಕಾಲವೇ ದುರ್ಲಭವಾದ ವಸ್ತುವಾದರೆ ಅದು ಯಾರಲ್ಲಿ ಕಡಿಮೆಯಿದೆಯೋ ಅವನಿಗಲ್ಲವೇ ಮೊದಲು ಬಡಿಸಬೇಕಾದುದು? ಮನೆಗಳಲ್ಲಿ ಮಕ್ಕಳಿಗೆ ಮೊದಲು ಬಡಿಸುವುದು ಅವು ಹಸಿವನ್ನು ತಾಳಲಾರವೆಂದು, ಹಿರಿಯರು ತಾಳಬಲ್ಲರೆಂದು. ಇಲ್ಲಿ ತಾಳಬಲ್ಲವನು ಕಿರಿಯನು, ತಾಳಲಾರದವನು ಹಿರಿಯನು. ಅಲ್ಲದೆ ಅಂಕಗಳನ್ನು ಕೊಟ್ಟ ಸರ್ಕಾರವೇ ಅವನನ್ನು ಇಷ್ಟು ವರ್ಷ ಕಾಯಿಸಿದೆ. ಪದ್ಧತಿಯು ಕೆಟ್ಟದ್ದಾಗಿದ್ದರೂ ಅದನ್ನು ನಂಬಿ ನಿಂತವನಿಗೆ ಕೊಟ್ಟ ಮಾತೊಂದುಂಟು. ಸರ್ಕಾರದ ತಪ್ಪನ್ನು ತಿದ್ದುವ ಖರ್ಚನ್ನು ಅವನೊಬ್ಬನ ಮೇಲೆ ಹೊರಿಸುವುದು ಸರಿಯೆನಿಸದು.

ಅರಿಜೋನದ ಒಂದು ನಿಯಮವು ಈ ಬಿಗಿಯನ್ನು ಸ್ವಲ್ಪ ಸಡಿಲಿಸುತ್ತದೆ. ಅಲ್ಲಿ ತಂದೆತಾಯಿಗಳಾಗಲಿ ಅಜ್ಜಅಜ್ಜಿಯರಾಗಲಿ ತಮಗೆ ಬಂದ ಚೀಟಿಯನ್ನು 10ರಿಂದ 17 ವರ್ಷದೊಳಗಿನ ತಮ್ಮ ಮಗುವಿಗೆ ಅಥವಾ ಮೊಮ್ಮಗುವಿಗೆ ವರ್ಗಾಯಿಸಬಹುದು. ಅಜ್ಜನು ತಾನು ಕಾದು ಪಡೆದುದನ್ನು ಮೊಮ್ಮಗಳ ಕೈಗಿಡುವಾಗ ಸಾಲಿನಲ್ಲಿ ನಿಂತ ಬೇರೆ ಯಾರ ಸ್ಥಾನವೂ ಹಿಂದಕ್ಕೆ ಹೋಗುವುದಿಲ್ಲ. ತನ್ನ ಎಲೆಯಿಂದ ತೆಗೆದು ಬಡಿಸುವುದಕ್ಕೂ ಪಂಕ್ತಿಯ ಎಲ್ಲರ ಎಲೆಗಳಿಂದ ತೆಗೆದು ಬಡಿಸುವುದಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಆದರೂ ಈ ದಾರಿಯು ಅಜ್ಜನುಳ್ಳ ಮಗುವಿಗೇ ಹೊರತು ಅಜ್ಜನಿಲ್ಲದ ಮಗುವಿಗಲ್ಲ. ಮೀಸಲಿನ ಜಾಗದಲ್ಲಿ ಇದನ್ನು ಮಾತ್ರ ಇಟ್ಟರೆ ಬೇಟೆಯು ಇನ್ನಷ್ಟು ಮನೆತನದ ಸ್ವತ್ತಾಗುವುದು. ಇಷ್ಟೂ ಸಾಲದೆಂಬಂತೆ, ಮಗುವಿನ ಹೆಸರಿನಲ್ಲಿ ಚೀಟಿ, ತಂದೆಯ ಕೈಯಲ್ಲಿ ಬಂದೂಕು ಎಂಬ ಕಪಟಕ್ಕೆ ಎರಡು ಪದ್ಧತಿಗಳಲ್ಲಿಯೂ ಎಡೆಯಿದೆ. ಮಗುವಿಗೆ ಸತ್ಯವಂತಿಕೆಯನ್ನು ಕಲಿಸಬೇಕಾದ ಬೆಟ್ಟದಲ್ಲಿ ಅದು ಕಲಿಯುವುದು ಬೇರೆಯೇ ಆದೀತು.

ಎಲ್ಲವನ್ನೂ ತೂಗಿ ನೋಡಿದರೆ ಮೀಸಲನ್ನು ವಯಸ್ಸಿಗೆ ಕಟ್ಟುವುದಕ್ಕಿಂತ ಮೊದಲ ಬೇಟೆಗೆ ಕಟ್ಟುವುದು ಮೇಲು. ಹಿಂದೆ ಒಂದು ಚೀಟಿಯನ್ನೂ ಪಡೆಯದವನು 12 ವರ್ಷದವನಾಗಿರಲಿ, 40 ವರ್ಷದ ಹೆಂಗಸಾಗಿರಲಿ, ಕಡಲಾಚೆಯಿಂದ ಬಂದವನಾಗಿರಲಿ, ಒಂದು ಸಲ ಮಾತ್ರ ಮುಂದೆ ಬರಲಿ. ಆಮೇಲೆ ಎಲ್ಲರಂತೆ ನಿಲ್ಲಲಿ. ಹಾಗೆ ಮಾಡಿದರೆ ಹುಡುಗರಿಗೇನೂ ನಷ್ಟವಿಲ್ಲ, ಹೊಸಬರಲ್ಲಿ ಬಹುಮಂದಿ ಅವರೇ ಆಗಿರುವರು. ಇಲಾಖೆಯ ತಲೆಯೆಣಿಕೆಗೂ ಕೊರತೆಯಿಲ್ಲ.

ಅಲ್ಲಿಯವರೆಗೆ ಕೊಲೊರಾಡೊದವರು ಹೆಚ್ಚಾಗಿ ಹೆಣ್ಣು ಮೃಗಗಳ ಚೀಟಿಯಲ್ಲಿಯೇ ಕಿರಿಯರ ಪಾಲನ್ನಿಟ್ಟಿರುವುದು ಜಾಣತನವೆನ್ನಬೇಕು. 22 ವರ್ಷ ಕಾದವನು ಕಾದದ್ದು ಗಂಡಿನ ಕವಲುಗೊಂಬಿಗಾಗಿ. ಅದನ್ನು ಯಾವ ಬಾಲಕನೂ ಅವನಿಂದ ಕಸಿದುಕೊಳ್ಳುವಂತಿಲ್ಲ. ಆದರೆ ಕೊಂಬನ್ನು ಗೋಡೆಗೆ ತೂಗುಹಾಕುವ ಆಸೆಯಿಲ್ಲದೆ ಚಳಿಗಾಲದ ಮಾಂಸಕ್ಕಾಗಿ ಮಾತ್ರ ಅರ್ಜಿ ಹಾಕುವ ಬಡ ಸಂಸಾರಿಗಳೂ ಆ ಬೆಟ್ಟಗಳ ತಪ್ಪಲಿನಲ್ಲಿ ಇದ್ದಾರೆ. ಅವರು ಬರೆಯುವುದೂ ಹೆಣ್ಣು ಎಲ್ಕಿನ ಚೀಟಿಗೇ. ಶೇಕಡ 15ರ ಲೆಕ್ಕವು ಇಳಿಯುವುದು ಅವರ ಅಡಿಗೆಮನೆಯ ಪಾಲಿನಿಂದ.