ಮುಟ್ಟದೆ ಬಿಟ್ಟ ನೆಲ

ಶ್ರಾವಕನ ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಈ ವ್ರತದ ಅತಿಚಾರಗಳನ್ನು ಎಣಿಸುವಲ್ಲಿ ಉಮಾಸ್ವಾಮಿಗಳು ಮೊದಲು ಹೆಸರಿಸುವುದು ಕ್ಷೇತ್ರವನ್ನು, ಅಂದರೆ ಭೂಮಿಯನ್ನು. ಇದು ವಿಚಾರಾರ್ಹವಾದುದು. ಪೆಟ್ಟಿಗೆಯ ಹೊನ್ನಿನಲ್ಲಿ ಬೇರೊಂದು ಜೀವಿಯು ವಾಸಿಸುವುದಿಲ್ಲ. ನೆಲದಲ್ಲಾದರೋ ಪೃಥ್ವೀಕಾಯದಿಂದ ಮೊದಲ್ಗೊಂಡು ಪಂಚೇಂದ್ರಿಯದವರೆಗೆ ಲೆಕ್ಕವಿಲ್ಲದ ಜೀವರಾಶಿ ಆಶ್ರಯ ಪಡೆದಿದೆ. ಆದುದರಿಂದ ಭೂಮಿಗೆ ಹಾಕಿಕೊಂಡ ಮಿತಿಯು ಲೋಭವನ್ನು ತಡೆಯುವುದರೊಡನೆ ಅಭಯದಾನವೂ ಆಗುತ್ತದೆ.

ಧರ್ಮದ ಹೆಸರನ್ನೆತ್ತದೆಯೂ ಈ ಮಿತಿಯನ್ನು ಪಾಲಿಸಿದವರುಂಟು. ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ಸ್ಕಾಟ್ಸ್‌ಡೇಲ್ ಎಂಬ ಮರುಭೂಮಿಯ ನಗರವಿದೆ. ಮನೆಗಳ ಸಾಲು ಮೆಕ್‌ಡೊವೆಲ್ ಬೆಟ್ಟಗಳನ್ನು ಸಮೀಪಿಸತೊಡಗಿದಾಗ, ೧೯೯೧ರಲ್ಲಿ ಅಲ್ಲಿನ ನಾಗರಿಕರು ಒಂದು ಭೂನ್ಯಾಸವನ್ನು ಕಟ್ಟಿದರು. ೧೯೯೫ರಲ್ಲಿ ಮತದಾರರು ನೆಲವನ್ನು ಕೊಂಡು ಉಳಿಸುವುದಕ್ಕಾಗಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆಯನ್ನು ಹೇರಿಕೊಂಡರು. ಇಂದು ಅಲ್ಲಿ ೩೦,೦೦೦ ಎಕರೆಗೂ ಮಿಕ್ಕ ಭೂಮಿ ರಕ್ಷಿತವಾಗಿದೆ. ಕಟ್ಟುವುದಕ್ಕಾಗಿ ಅಲ್ಲ, ಕಟ್ಟದಿರುವುದಕ್ಕಾಗಿ ಅವರು ಹಣ ತೆತ್ತರು.

ನಮ್ಮ ಕಾರವಾರದ ಬೈತಖೋಲದಲ್ಲಿ ಗುಡ್ಡಕ್ಕೂ ಕಡಲಿಗೂ ನಡುವೆ ಬಂದರಿದೆ. ೨೦೨೦ರ ಜನವರಿಯಲ್ಲಿ ಆ ಬಂದರಿನ ವಿಸ್ತರಣೆಯ ಕೆಲಸ ಆರಂಭವಾದಾಗ, ಟಾಗೋರ್ ಕಡಲತೀರ ಉಳಿಯಬೇಕೆಂದು ಮೀನುಗಾರರು ಬೀದಿಗಿಳಿದರು. ಅವರ ವೃತ್ತಿಯು ಶ್ರಾವಕನಿಗೆ ಸಮ್ಮತವಾದುದಲ್ಲ. ಆದರೆ ಅಹಿಂಸೆಯನ್ನು ವ್ರತವಾಗಿ ಹಿಡಿಯದವರೂ ತೀರವನ್ನು ಕೆಡಿಸಬೇಡಿರೆಂದು ಕೂಗುವಾಗ, ನೀರನ್ನು ಸೋಸಿ ಕುಡಿಯುವವನು ಮೌನವಾಗಿದ್ದರೆ ಅವನ ವ್ರತಕ್ಕೆ ಏನು ಅರ್ಥ?

ಬಂದರು ಬೇಡವೆಂದು ಧರ್ಮವು ಹೇಳುವುದಿಲ್ಲ. ಗೃಹಸ್ಥನಿಗೆ ಆರಂಭ, ಉದ್ಯೋಗಗಳು ತಪ್ಪಿದುವಲ್ಲ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕಡಿಯುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಚ್ಚರಿಸಿದ್ದಾರೆ. ಎಷ್ಟು ಅವಶ್ಯಕ, ಎಲ್ಲಿಂದ ಮುಂದೆ ಅನರ್ಥ ಎಂದು ಕೇಳುವುದೇ ಶ್ರಾವಕನ ಕರ್ತವ್ಯ. ಈ ಪ್ರಶ್ನೆಯನ್ನು ಊರಿಗೆ ಕೇಳುವ ಮುನ್ನ ಅವನು ತನ್ನ ಮನೆಯಲ್ಲಿ ಕೇಳಬೇಕು. ದಶಲಕ್ಷಣ ಪರ್ವದ ಹತ್ತು ದಿನ ಉಪವಾಸ ಮಾಡಿ, ಹನ್ನೊಂದನೆಯ ದಿನ ಹಿತ್ತಿಲ ಗುಡ್ಡವನ್ನು ಕಲ್ಲಿನ ಗಣಿಗೆ ಬರೆದುಕೊಟ್ಟರೆ, ಹೊಟ್ಟೆ ಬರಿದಾದೀತೇ ಹೊರತು ಕಷಾಯ ಕರಗದು.

ಭಾದ್ರಪದ ಶುಕ್ಲ ತ್ರಯೋದಶಿಯು ಉತ್ತಮ ಆಕಿಂಚನ್ಯದ ದಿನ. ಭೂಮಿಯುಳ್ಳ ಗೃಹಸ್ಥನು ಅಂದು ಜಿನಬಿಂಬದ ಮುಂದೆ ನಿಂತು ತನ್ನ ಕ್ಷೇತ್ರದ ಒಂದು ಭಾಗವನ್ನು, ಅದು ನಾಲ್ಕು ಮರಗಳ ಬೇಣವೇ ಆಗಿರಲಿ, ಕಡಿಯೆನು, ಅಗೆಯೆನು, ಮಾರೆನು ಎಂದು ನಿಯಮ ಮಾಡಲಿ. ಮಕ್ಕಳೂ ಮೀರದಂತೆ ಅದನ್ನು ಪತ್ರದಲ್ಲಿ ಬರೆದಿಡಲಿ. ಭೂಮಿಯಿಲ್ಲದವನು ಊರಿನ ಕೆರೆಯನ್ನೋ ತೀರವನ್ನೋ ಕಾಯುವವರ ಜತೆಗೂಡಲಿ. ಬಾಯಿಯ ಉಪವಾಸವು ಪಾರಣೆಯೊಡನೆ ಮುಗಿಯುತ್ತದೆ. ಮುಟ್ಟದೆ ಬಿಟ್ಟ ನೆಲದ ಉಪವಾಸಕ್ಕೆ ಪಾರಣೆಯಿಲ್ಲ.