ಗಲ್ಫಿನಿಂದ ತಂದ ಧಣಿತನ

ನಮ್ಮ ಕಾಸರಗೋಡಿನ ಕಡೆ ಗಲ್ಫಿನಿಂದ ಬಂದವನ ಪೆಟ್ಟಿಗೆ ಬಿಚ್ಚುವಾಗ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಅವನು ಸ್ವಭಾವದಲ್ಲಿ ಏನು ತಂದಿದ್ದಾನೆಂದು ಮಾತ್ರ ಯಾರೂ ನೋಡುವುದಿಲ್ಲ. ನಾನೂ ನೋಡಿಕೊಂಡಿರಲಿಲ್ಲ.

14 ವರ್ಷ ನಾನು ಶಾರ್ಜಾದಲ್ಲಿ ಕಟ್ಟಡ ಕಟ್ಟುವ ಕಂಪೆನಿಯೊಂದರ ಮ್ಯಾನೇಜರ್ ಆಗಿದ್ದೆ. ನೇಪಾಳಿಗಳು, ಬಂಗಾಳಿಗಳು, ಪಠಾಣರು, ಮಲೆಯಾಳಿಗಳು ಎಲ್ಲರೂ ನನ್ನ ಕೈಕೆಳಗೆ. ಒಂದು ಮಾತು ಹೇಳಿದರೆ ಎದುರು ಮಾತಿಲ್ಲ. ಅದು ನನ್ನ ಸಾಮರ್ಥ್ಯವೆಂದೇ ತಿಳಿದಿದ್ದೆ.

ಊರಿಗೆ ಮರಳಿ ಮಂಗಳೂರಿನಲ್ಲಿ ಅಂಥದ್ದೇ ಕೆಲಸಕ್ಕೆ ಸೇರಿದೆ. ಮೊದಲ ತಿಂಗಳಲ್ಲೇ ಒಬ್ಬ ಮೇಸ್ತ್ರಿಗೆ ಎಲ್ಲರೆದುರು ಬೈದೆ. ಮರುದಿನ ಅವ ಬರಲಿಲ್ಲ. ಅವನ ಜೊತೆಯ ಆರು ಜನರೂ ಬರಲಿಲ್ಲ. ಮನೆಗೇ ಹೋಗಿ ಕೇಳಿದೆ:

"ಎಂತ ಮಾರಾಯ, ಇಷ್ಟಕ್ಕೇ ಬಿಡುವುದಾ? ಅಲ್ಲಿ ಇದಕ್ಕಿಂತ ಜೋರು ಬೈದಿದ್ದೇನೆ. ಒಬ್ಬನೂ ಬಿಟ್ಟು ಹೋಗ್ಲಿಲ್ಲ."

"ಬಿಟ್ಟು ಹೋಗ್ಲಿಕ್ಕೆ ಅವರಿಗೆ ಆಗ್ತಿತ್ತಾ ಸಾರ್?"

ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿಯ ಕಫಾಲ ಪದ್ಧತಿಯಲ್ಲಿ ಕೆಲಸದವನ ವೀಸಾ ಧಣಿಯ ಹೆಸರಿಗೆ ಕಟ್ಟಿದ್ದು. ಕೆಲಸ ಬಿಟ್ಟವ ಹೆಚ್ಚಾಗಿ ದೇಶವನ್ನೂ ಬಿಡಬೇಕಿತ್ತು. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೂ ವಿರುದ್ಧವೇ. ಆದರೂ ನಮ್ಮವರ ಪಾಸ್‌ಪೋರ್ಟ್‌ಗಳು ಆಫೀಸಿನ ಕಪಾಟಿನಲ್ಲಿದ್ದವು. ಅದರ ಬೀಗದ ಕೈ ನನ್ನ ಮೇಜಿನಲ್ಲಿತ್ತು. ಅವರು ತಲೆ ತಗ್ಗಿಸಿದ್ದು ನನಗಲ್ಲ, ಆ ಕಪಾಟಿಗೆ.

"ಅಲ್ಲಿಯ ಶಿಸ್ತು ಇಲ್ಲಿಲ್ಲ" ಎಂದು ನಮ್ಮ ಗಲ್ಫಿನವರು ಹೇಳುವುದುಂಟು. ಅರ್ಧ ನಿಜ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕಾಮಗಾರಿ ಎಷ್ಟೇ ಹಿಂದೆ ಬಿದ್ದಿರಲಿ, ನಾನು ನಿಲ್ಲಿಸಲೇಬೇಕಿತ್ತು. ಹೆಲ್ಮೆಟ್ಟೂ ಹಾಗೆಯೇ, ಅವರ ತಲೆಗೂ ಬೇಕು, ನನ್ನ ತಲೆಗೂ ಬೇಕು. ಇವು ನನ್ನನ್ನೂ ಕಟ್ಟಿಹಾಕುವ ನಿಯಮಗಳು. ಇಂಥದ್ದನ್ನು ಊರಿಗೆ ತರಬೇಕು. ಕೆಲಸದವನನ್ನು ಮಾತ್ರ ಕಟ್ಟುವುದನ್ನು ಶಿಸ್ತು ಎನ್ನುವುದು ಹೇಗೆ? ಅದು ಬರೀ ಧಣಿತನ. ನಾನು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ತಂದಿದ್ದೆ.

ಹೋಗಬಹುದಾದವನು ಉಳಿದರೆ ಗೌರವವೆನ್ನಬಹುದು. ಹೋಗಲಾಗದವನ ಮೌನವನ್ನು ಹಾಗೆ ಲೆಕ್ಕ ಹಾಕಬಾರದು.

ಎಲ್ಲರೆದುರು ಬೈದದ್ದಕ್ಕೆ ಎಲ್ಲರೆದುರೇ ತಪ್ಪಾಯಿತೆಂದೆ. ಬೈದಷ್ಟು ಸುಲಭವಾಗಿರಲಿಲ್ಲ. ಮೇಸ್ತ್ರಿ ಮರಳಿ ಬಂದ. ಈಗ ನಾನು ಹೇಳಿದ್ದು ಸರಿಯಲ್ಲದಿದ್ದರೆ, "ಅದು ಆಗ್ಲಿಕ್ಕಿಲ್ಲ ಸಾರ್" ಎನ್ನುತ್ತಾನೆ. 14 ವರ್ಷದಲ್ಲಿ ಹಾಗೆ ಹೇಳಿದವರು ಒಬ್ಬರೂ ಇರಲಿಲ್ಲ. ಅಷ್ಟು ವರ್ಷ ನಾನು ಒಮ್ಮೆಯೂ ತಪ್ಪಿರಲಿಲ್ಲವೆಂದು ಹೇಗೆ ನಂಬಲಿ?