ಸತ್ತವರಿಗೆ ಸಲ್ಲಬೇಕಾದ ಋಣ

ಯುದ್ಧ ನಡೆದ ನೆಲಕ್ಕೆ ಹೋದವರು ಅಲ್ಲಿ ಏನು ಮಾಡಬೇಕು? ಹೆಮ್ಮೆ ಪಡಬೇಕೆ, ಮರುಗಬೇಕೆ, ಕೈಮುಗಿಯಬೇಕೆ? ಈ ಮೂರೂ ಸಾಲವು ಎಂದೇ ನನ್ನ ನಂಬಿಕೆ. ಇವೆಲ್ಲ ನೋಡುವವರ ಎದೆಯಲ್ಲಿ ಹುಟ್ಟಿ ಅಲ್ಲೇ ಆರಿಹೋಗುತ್ತವೆ. ಸತ್ತವರಿಗೆ ನಾವು ಸಲ್ಲಿಸಬೇಕಾದದ್ದು ಋಣ, ಅದನ್ನು ತೀರಿಸಿಯೇ ಆಗಬೇಕು. ಶ್ರೀರಂಗಪಟ್ಟಣವನ್ನೇ ನೋಡಿ. 1799ರ ಮೇ 4ರ ಮಧ್ಯಾಹ್ನ ಈಸ್ಟ್ ಇಂಡಿಯಾ ಕಂಪನಿಯ ಪಡೆ ಕಾವೇರಿ ದಾಟಿ, ಫಿರಂಗಿ ಒಡೆದಿದ್ದ ಗೋಡೆ ಹತ್ತಿತು. ಕೆಲವೇ ಗಂಟೆಗಳಲ್ಲಿ ಕೋಟೆ ಬಿತ್ತು, ಟಿಪ್ಪುವಿನ ದೇಹ ಹೆಣಗಳ ರಾಶಿಯ ನಡುವೆ ಸಿಕ್ಕಿತು, ಆ ರಾತ್ರಿ ಊರು ಲೂಟಿಯಾಯಿತು. ಲೂಟಿ ನಿಲ್ಲಿಸಲು ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಇಂದು ಅಲ್ಲಿ ಟಿಪ್ಪು ಬಿದ್ದ ಜಾಗಕ್ಕೆ ಗುರುತಿದೆ, ಊರಾಚೆ ಅವನ ಸಮಾಧಿಯಾದ ಗುಂಬಜ್ ಇದೆ. ಮುತ್ತಿಗೆಯಲ್ಲಿ ಸತ್ತ ಕಂಪನಿ ಪಡೆಯವರ ನೆನಪಿಗೆ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ತಂಭವಿದೆ. ಕೋಟೆ ಕಾಯುತ್ತ ಸತ್ತ ಸಾವಿರಾರು ಸಾಮಾನ್ಯ ಸಿಪಾಯಿಗಳ ಹೆಸರು ಹೊತ್ತ ಕಲ್ಲು ಮಾತ್ರ ಇಲ್ಲ. ಕೋಟೆಗೆ ಹೋದವರು ಮೊದಲು ಕಾಣಬೇಕಾದದ್ದು ಈ ಇಲ್ಲದ ಕಲ್ಲನ್ನು.

ಹಳೆಯ ಕನ್ನಡನಾಡು ಈ ಲೆಕ್ಕವನ್ನು ಬೇರೆ ಥರ ಇಟ್ಟಿತ್ತು. ಬೇಗೂರಿನ ವೀರಗಲ್ಲು ನಮಗೆ ಗೊತ್ತಿರುವುದು ಬೆಂಗಳೂರೆಂಬ ಹೆಸರಿನ ಹಳೆಯ ಉಲ್ಲೇಖವೆಂದು; ಆದರೆ ಆ ಕಲ್ಲು ಹುಟ್ಟಿದ್ದು ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಗಾಗಿ. ತುರು ಹಿಡಿದೊಯ್ದವರನ್ನು ಬೆನ್ನಟ್ಟಿ ಸತ್ತವನಿಗೂ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೂ ನಮ್ಮ ಹಳ್ಳಿಗಳು ಕಲ್ಲು ನೆಟ್ಟವು, ಹೆಸರು ಕೊರೆಸಿದವು. ಅಷ್ಟಕ್ಕೇ ಕೈ ತೊಳೆದುಕೊಳ್ಳಲಿಲ್ಲ. ಎಷ್ಟೋ ಕಡೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟರು; ಅದನ್ನೇ ನೆತ್ತರುಗೊಡಗೆ ಎಂದರು. ನೆನಪಿನ ಜೊತೆಗೆ ಹೆಂಡತಿ ಮಕ್ಕಳ ಅನ್ನದ ಹೊಣೆಯೂ ಊರಿನ ಮೇಲೆ ಬಂದಿತ್ತೆನ್ನುವುದು ನನಗೆ ಆ ಶಿಲ್ಪದ ಅಂದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ವೀರಗಲ್ಲಿನ ಕೆಳಹಂತದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಸತ್ತರೆ ಸ್ವರ್ಗ ಎಂದು ಕಲ್ಲಿನಲ್ಲೇ ಬರೆದು ಧರ್ಮವು ಕೊಲ್ಲುವುದನ್ನೂ ಸಾಯುವುದನ್ನೂ ಸಲೀಸು ಮಾಡಲಿಲ್ಲವೆ? ಮಾಡಿತು, ಒಪ್ಪಬೇಕು. ವೀರಗಲ್ಲಿಗೆ ಇನ್ನೊಂದು ಕುಂದೂ ಇದೆ: ಎದುರು ಪಕ್ಷದ ಹೆಣಗಳು ಅದರಲ್ಲಿ ಕಂಡರೂ ಅವು ವೀರನ ಬಲ ತೋರಿಸಲಷ್ಟೇ, ಅವುಗಳ ಋಣ ಯಾರಿಗೂ ಇಲ್ಲ. ಈ ಕುಂದನ್ನು ತುಂಬುವ ಬರಹ ನಮ್ಮ ದೇಶದಲ್ಲೇ ಇದೆ. ಅಶೋಕನ 13ನೆಯ ಶಿಲಾಶಾಸನ ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು ಎನ್ನುತ್ತದೆ. ಗೆದ್ದವನೇ ಸೋತವರ ಸಾವನ್ನು ಎಣಿಸಿ ಪಶ್ಚಾತ್ತಾಪಪಟ್ಟದ್ದು ಅಪರೂಪ. ಅದಕ್ಕಿಂತ ಅಪರೂಪದ ಸಂಗತಿಯೆಂದರೆ, ಕಳಿಂಗದೊಳಗಿನ ಧೌಲಿ ಮತ್ತು ಜೌಗಡದಲ್ಲಿ ಆ ಶಾಸನವೇ ಇಲ್ಲ. ಬದಲಿಗೆ ಅಲ್ಲಿರುವುದು ಅಧಿಕಾರಿಗಳಿಗೆ ಕೊಟ್ಟ ಆಜ್ಞೆ: ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ, ಪ್ರಜೆಗಳೆಲ್ಲ ನನ್ನ ಮಕ್ಕಳು. ಇದು ರಾಜನೀತಿಯ ಜಾಣತನವೂ ಇರಬಹುದು. ಆದರೂ ಮಗನನ್ನು ಕಳೆದುಕೊಂಡ ಕಳಿಂಗದ ತಾಯಿಗೆ ದೊರೆಯ ಕಣ್ಣೀರಿನಿಂದ ಆಗುವುದೇನು? ಉಳಿದ ಮಗನನ್ನು ಸುಮ್ಮನೆ ಸೆರೆಗೆ ತಳ್ಳುವುದಿಲ್ಲ ಎಂಬ ಆಜ್ಞೆಯಿಂದ ಏನಾದರೂ ಆದೀತು.

ಎರಡೂ ಪಕ್ಷದ ಸತ್ತವರನ್ನು ಹೀಗೆ ಒಟ್ಟಿಗೆ ನೆನೆದರೆ ದಾಳಿ ಮಾಡಿದವನೂ ತಡೆದವನೂ ಒಂದೇ ಆಗಿಬಿಡುವುದಿಲ್ಲವೆ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಯುದ್ಧ ನ್ಯಾಯವಾಗಿತ್ತೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅದನ್ನು ಹೂಡಿದವರು. ಸಂಬಳಕ್ಕೆ ಸೇರಿ ಗೋಡೆ ಹತ್ತಿದ ಸಿಪಾಯಿಯ ಸಾವನ್ನು ಆ ತೀರ್ಪಿಗೆ ಕಟ್ಟಿಹಾಕುವುದು ಸರಿಯಲ್ಲ. ಇನ್ನೂ ಕಷ್ಟದ ಪ್ರಶ್ನೆ ಬೇರೆಯಿದೆ: ಇನ್ನೂರು ವರ್ಷ ಕಳೆದ ಮೇಲೆ, ಸತ್ತವರ ಸಂತತಿಯೂ ಗುರುತಿಲ್ಲದಾಗ, ಋಣ ಯಾರಿಗೆ ತೀರಿಸುವುದು? ಹುಟ್ಟುತ್ತಲೇ ಮೂರು ಋಣ ಹೊತ್ತಿರುತ್ತೇವೆ ಎನ್ನುವ ವೈದಿಕ ಪರಂಪರೆ ಇದಕ್ಕೆ ದಾರಿ ತೋರುತ್ತದೆ. ಋಷಿಗಳ ಋಣ ತೀರುವುದು ಅಧ್ಯಯನದಿಂದ, ಪಿತೃಗಳ ಋಣ ಸಂತಾನದಿಂದ. ಕೊಟ್ಟವರು ಹೋದರೂ ಋಣ ಉಳಿಯುತ್ತದೆ, ಮುಂದಿರುವವರಿಗೆ ಸಲ್ಲುತ್ತದೆ. ಹಾಗಾದರೆ ರಣಭೂಮಿಯ ಋಣ ಸಲ್ಲಬೇಕಾದದ್ದು ಇಂದು ಗಡಿಯಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡು ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮನೆಯವರಿಗೆ, ಯಾರದೋ ಯುದ್ಧಕ್ಕೆ ಊರು ಬಿಟ್ಟು ಬಂದವರಿಗೆ. ಕೋಟೆಗಳಿಗೆ ಪ್ರವಾಸ ಬರುವ ಶಾಲೆಯ ಮಕ್ಕಳಿಗೆ ಗೆದ್ದವರ ಹೆಸರು, ಇಸವಿ ಹೇಳಿಕೊಡುತ್ತೇವೆ. ಕೋಟೆ ಬಿದ್ದ ರಾತ್ರಿ ಊರೊಳಗಿನ ಮನೆಗಳಲ್ಲಿ ಯಾರಿದ್ದರು, ಮರುದಿನ ಅವರಿಗೆ ಅನ್ನ ಹಾಕಿದವರು ಯಾರು ಎಂದು ಆ ಮಕ್ಕಳನ್ನು ಕೇಳಬೇಕು, ಉತ್ತರ ಯಾವ ಫಲಕದಲ್ಲೂ ಸಿಗದಿದ್ದರೂ.